ಇಲ್ಲದ ಯಂತ್ರಗಳ ಒಡತಿ

ನನ್ನ ಸೊಸೆ ಇಲ್ಲದ ಯಂತ್ರಗಳನ್ನು ನೋಡಿಕೊಳ್ಳುತ್ತಾಳೆ. ಅದಕ್ಕೆ ತಿಂಗಳು ತಿಂಗಳು ಸಂಬಳವನ್ನೂ ತೆಗೆದುಕೊಳ್ಳುತ್ತಾಳೆ. ನಗಬೇಡಿ, ನಿಜ ಹೇಳುತ್ತಿದ್ದೇನೆ. ಇದನ್ನು ಮೊದಲ ಸಲ ಕೇಳಿದಾಗ ನನ್ನ ಕೈಯಲ್ಲಿದ್ದ ಕಾಫಿ ಲೋಟ ಬೀಳದೆ ಉಳಿದದ್ದೇ ಹೆಚ್ಚು!

ಎದುರು ಮನೆಯ ತಮಿಳು ಮಾಮಿ ಒಂದು ದಿನ, "ಉಂಗ ಮಾಟ್ಟುಪ್ಪೊಣ್ಣು ಎನ್ನ ವೇಲೈ ಪಾಕ್ಕರಾ?" ಎಂದು ಸೊಸೆಯ ಉದ್ಯೋಗ ವಿಚಾರಿಸಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಸಂಜೆ ಅವಳನ್ನೇ ಕೇಳಿದೆ.

"ಅತ್ತೆ, ಒಂದು ದೊಡ್ಡ ಸರ್ವರ್ ಇರುತ್ತೆ. ಅದರೊಳಗೆ ಮೂವತ್ತು ನಲವತ್ತು ವರ್ಚುವಲ್ ಮಷೀನ್ ಇರುತ್ವೆ. ಒಂದೊಂದಕ್ಕೂ ತಾನೇ ಒಂದು ಪೂರ್ತಿ ಕಂಪ್ಯೂಟರ್ ಅನ್ನೋ ಭ್ರಮೆ."

"ನಿಜವಾಗಿ?"

"ನಿಜವಾಗಿ ಅವು ಇಲ್ಲ."

"ಇಲ್ಲದೇ ಇರೋದು ಕೆಟ್ಟುಹೋಗುತ್ತಾ?"

"ದಿನಾ ಕೆಟ್ಟುಹೋಗುತ್ತೆ ಅತ್ತೆ! ಇಲ್ಲಾಂದ್ರೆ ನನಗ್ಯಾರು ಸಂಬಳ ಕೊಡ್ತಾರೆ?"

ನಾನು ಮೈಸೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವಳು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಗಂಟೆ ಹೊಡೆದರೆ ದೀಪ ಆರಬೇಕು. ನನ್ನ ಹುಡುಗಿಯರೆಲ್ಲ ಕಣ್ಣಿಗೆ ಕಾಣುತ್ತಿದ್ದರು, ಹಾಜರಿಗೆ ಸಿಗುತ್ತಿದ್ದರು. ನಿವೃತ್ತಿಯಾದ ಮೇಲೆ ನಾನೂ ಯಜಮಾನರೂ ಚೆನ್ನೈಗೆ, ಶೋಳಿಂಗನಲ್ಲೂರಿನಲ್ಲಿರುವ ಮಗನ ಈ ಫ್ಲ್ಯಾಟಿಗೆ ಬಂದೆವು. ಮಗ ಎಣ್ಣೂರಿನಲ್ಲಿ ವಿದ್ಯುತ್ ಸ್ಥಾವರದ ಇಂಜಿನಿಯರ್. ಊರಿನ ಆ ತುದಿಯಲ್ಲಿ ಅವನು ಕರೆಂಟು ತಯಾರಿಸುತ್ತಾನೆ, ಈ ತುದಿಯಲ್ಲಿ ಅವಳು ಅದನ್ನು ಇಲ್ಲದ ಯಂತ್ರಗಳಿಗೆ ಉಣಿಸುತ್ತಾಳೆ. ಹೀಗಾಗಿ ಮನೆಯ ಆಡಳಿತ ನನ್ನ ಪಾಲಿಗೆ ಬಂತು. ಹಾಲು, ಗ್ಯಾಸು, ಕೆಲಸದಾಕೆ, ಯಜಮಾನರ ಸಕ್ಕರೆ ಕಾಯಿಲೆಯ ಮಾತ್ರೆ, ಮೊಮ್ಮಗಳ ಜಡೆ, ಎಲ್ಲವೂ ನನ್ನ ಗಂಟೆಗೇ ನಡೆಯುತ್ತಿದ್ದವು.

ಈ ಆಡಳಿತವನ್ನು ಒಪ್ಪದಿದ್ದದ್ದು ನನ್ನ ಬಲ ಮೊಣಕಾಲು ಮಾತ್ರ. ಕೀಲು ಬದಲಿಸಲೇಬೇಕು, ತಡಮಾಡಿದರೆ ನಡೆಯುವುದೇ ಕಷ್ಟವಾಗುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಮಗ ಬೇಡಿಕೊಂಡ. "ನಾನು ವಾರಗಟ್ಟಲೆ ಮಲಗಿದ್ರೆ ಈ ಮನೆ ಯಾರು ನೋಡ್ತಾರೋ?" ಎಂದೆ. ಸೊಸೆ ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನಿಧಾನವಾಗಿ ನೋಡಿದಳು. ಅಷ್ಟೇ.

ಅವಳ ವಿಚಿತ್ರಗಳನ್ನು ಎಲ್ಲಿಂದ ಹೇಳಲಿ? ದೀಪಾವಳಿಗೆ ಮುಂಚೆ ನಾನು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ಹೊಸ ಕ್ರಮದಲ್ಲಿ ಜೋಡಿಸಲು ಹೊರಟೆ. ಮೊಬೈಲು ಹಿಡಿದು ಓಡಿಬಂದಳು. "ಅತ್ತೆ, ತಡೀರಿ, ತಡೀರಿ! ಏನಾದ್ರೂ ಬದಲಾಯಿಸೋಕೆ ಮುಂಚೆ ಒಂದು ಸ್ನ್ಯಾಪ್‌ಶಾಟ್!" ಮೇಲಿನ ಅಟ್ಟದಿಂದ ಕೆಳಗಿನ ಈರುಳ್ಳಿ ಬುಟ್ಟಿಯವರೆಗೆ ಫೋಟೋ ತೆಗೆದಳು. ಸೊಸೆಗೆ ಅಡುಗೆಮನೆಯ ಮೇಲೆ ಎಷ್ಟು ಅಭಿಮಾನ ಎಂದು ನಾನು ಉಬ್ಬಿದೆ. ಸಂಜೆ ಯಜಮಾನರು ನನ್ನ ಕಣ್ಣು ತಪ್ಪಿಸಿ ಸಕ್ಕರೆ ಎಂದು ಉಪ್ಪು ಹಾಕಿಕೊಂಡು ಕಾಫಿ ಉಗುಳಿದರು, ನೋಡಿ. ಅವಳು ಫೋಟೋ ತೆರೆದಳು, ನಾನು ಸೊಂಟ ಮುರಿದುಕೊಂಡು ಜೋಡಿಸಿದ್ದನ್ನೆಲ್ಲ ಹಿಂದಿದ್ದ ಜಾಗಕ್ಕೇ ಕೂರಿಸಿಬಿಟ್ಟಳು! ಮೂವತ್ತು ವರ್ಷ ಹಾಸ್ಟೆಲ್ ನಡೆಸಿದವಳ ಹೊಸ ಕ್ರಮ ಒಂದು ಹೊತ್ತೂ ಬಾಳಲಿಲ್ಲ. ಅವಳು ಅಷ್ಟಕ್ಕೇ ನಿಲ್ಲದೆ ಆ ಫೋಟೋಗಳನ್ನೂ ಅಳಿಸಿದಳು.

"ಅದ್ಯಾಕೆ ಅಳಿಸಿದೆ?"

"ಹಳೇ ಸ್ನ್ಯಾಪ್‌ಶಾಟ್ ಇಟ್ಕೊಂಡ್ರೆ ಜಾಗ ತಿಂತಾವೆ ಅತ್ತೆ. ಅದನ್ನೇ ಬ್ಯಾಕಪ್ ಅಂತ ನಂಬ್ಕೊಂಡು ಕೂತೋರು ಎಷ್ಟು ಜನ ಕೆಟ್ಟಿದ್ದಾರೆ ಗೊತ್ತಾ?"

ನನಗೆ ಗೊತ್ತಿರಲಿಲ್ಲ. ಗೊತ್ತಾಗುವ ಆಸೆಯೂ ಇರಲಿಲ್ಲ.

ಇನ್ನೊಂದು ದಿನ ಮಿಕ್ಸಿ ಅಳುತ್ತಾ ಅಳುತ್ತಾ ತಿರುಗತೊಡಗಿತು. ಅದರ ತಲೆಗೆ ಎರಡು ತಟ್ಟುವುದು ನನ್ನ ಪದ್ಧತಿ. ತಟ್ಟಲು ಎತ್ತಿದ ಕೈಯನ್ನು ಅವಳು ಹಿಡಿದುಕೊಂಡಳು!

"ನಿನ್ನೆ ಸರಿಯಾಗಿತ್ತಾ ಅತ್ತೆ?"

"ಸರಿಯಾಗಿತ್ತು."

"ನಿನ್ನೆಯಿಂದ ಇವತ್ತಿಗೆ ಮನೇಲಿ ಏನು ಬದಲಾಯ್ತು?"

"ಏನೂ ಇಲ್ಲ."

"ಎಲ್ಲರೂ ಮೊದಲು ಹಾಗೇ ಹೇಳೋದು."

ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ವಿಚಾರಣೆ ನಡೆಸಿದಳು. ಮೊಮ್ಮಗಳು ನಿರಪರಾಧಿ. ಯಜಮಾನರ ಸರದಿ ಬಂದಾಗ ಅವರು ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ಕೊನೆಗೆ, "ಅದು... ಕಾಲು ಒತ್ತೋ ಮಷೀನಮ್ಮಾ. ರೂಮಲ್ಲಿ ಪ್ಲಗ್ಗು ಸಡಿಲ ಅಂತ ಅಡುಗೆಮನೆ ವೈರಿಗೆ ಸಿಕ್ಕಿಸಿದ್ದೆ" ಎಂದು ಬಾಯಿಬಿಟ್ಟರು. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಫ್ರಿಜ್ಜು, ಮಿಕ್ಸಿ, ನೀರು ಕಾಯಿಸುವ ಕೆಟಲು, ಅದರ ಮೇಲೆ ಯಜಮಾನರ ಕಾಲು! ಬೋರ್ಡು ಮುಟ್ಟಿದರೆ ಸುಡುತ್ತಿತ್ತು. ನಾನು ಬೆಚ್ಚಿಬಿದ್ದೆ. ಮನೆಗೆ ಬೆಂಕಿ ಬೀಳದಿದ್ದದ್ದು ದೇವರ ದಯೆ.

"ನೋಡಿ ಅತ್ತೆ, ಮೇಲಿರೋ ಮಷೀನು ನರಳಿದ್ರೆ ಅದಕ್ಕೆ ಹೊಡೀಬಾರದು. ಕೆಳಗೆ ಎಲ್ಲರನ್ನೂ ಹೊತ್ಕೊಂಡಿರೋದು ಯಾವುದು, ಅದರ ಮೇಲೆ ಎಷ್ಟು ಹೇರಿದ್ದೀವಿ ಅಂತ ಮೊದಲು ನೋಡಬೇಕು" ಎಂದಳು. ಹೇಳುವಾಗ ಬೋರ್ಡು ನೋಡುವುದು ಬಿಟ್ಟು ನನ್ನನ್ನೇಕೆ ನೋಡುತ್ತಿದ್ದಾಳೆಂದು ನನಗೆ ಅರ್ಥವಾಗಲಿಲ್ಲ.

ಆದರೂ ಇವೆಲ್ಲ ಸಣ್ಣ ಆಘಾತಗಳು. ದೊಡ್ಡದು ಒಂದು ಭಾನುವಾರ ಬಂತು. ನಾವೆಲ್ಲ ಮದುವೆಯ ಆರತಕ್ಷತೆಗೆ ಸಿದ್ಧರಾಗಿ ಹೊರಗೆ ನಿಂತಿದ್ದೆವು. ಅವಳು ಬೀಗದ ಕೈಗೊಂಚಲನ್ನು ಒಳಗೆ ಸೋಫಾದ ಮೇಲೆ ಎಸೆದು ಬಾಗಿಲನ್ನು ಧಡ್ ಎಂದು ಎಳೆದುಬಿಟ್ಟಳು. ತಾನಾಗಿ ಬೀಗ ಬೀಳುವ ಬಾಗಿಲು!

"ಏನೇ ಇದು!" ಎಂದು ನಾನು ಚೀರಿದೆ.

"ಮಾಮಿ ಮನೇಲಿ ಇನ್ನೊಂದು ಕೀ ಇದೆಯಲ್ಲ ಅತ್ತೆ. ತೆಗೆದು ನೋಡದೇ ಇರೋ ಬ್ಯಾಕಪ್ಪು ಬ್ಯಾಕಪ್ಪೇ ಅಲ್ಲ. ಇವತ್ತು ಪರೀಕ್ಷೆ ಮಾಡಿಬಿಡೋಣ."

ಮಾಮಿಯ ಮನೆಯ ಬಾಗಿಲಿಗೆ ಬೀಗ. ಫೋನು ಮಾಡಿದರೆ ಅವರು ಮೈಲಾಪುರದಲ್ಲಿ ಮಗಳ ಮನೆಯಲ್ಲಿ. ನಮ್ಮ ಕೀ ಎಲ್ಲಿ? ಅವರ ಕೈಚೀಲದಲ್ಲಿ, ಅದೂ ಮೈಲಾಪುರದಲ್ಲಿ. ರೇಷ್ಮೆ ಸೀರೆಯುಟ್ಟು, ಮೊಣಕಾಲು ಹಿಡಿದುಕೊಂಡು, ಚೆನ್ನೈನ ಸೆಕೆಯಲ್ಲಿ ಮೆಟ್ಟಿಲ ಮೇಲೆ ಕುಳಿತೆ. ಮಾಮಿ ಮೈಲಾಪುರದಿಂದ ಬರುವಷ್ಟರಲ್ಲಿ ಮುಡಿದ ಮಲ್ಲಿಗೆ ಅಲ್ಲಿಯೇ ಬಾಡಿತು. ಉಡುಗೊರೆಯೂ ಬಾಗಿಲ ಆಚೆಯೇ ಇತ್ತು. ಇಷ್ಟಾದರೂ ಅವಳ ಮುಖದಲ್ಲಿ ಪಶ್ಚಾತ್ತಾಪ ಇತ್ತೇ? ಹಬ್ಬದ ಕಳೆ ಇತ್ತು!

"ಗೊತ್ತಾಯ್ತಲ್ಲ ಅತ್ತೆ! ಇಷ್ಟು ದಿನ ನಮ್ಮ ಹತ್ರ ಬ್ಯಾಕಪ್ಪೇ ಇರಲಿಲ್ಲ!"

"ತಾಯಿ, ಇದನ್ನ ಸೋಮವಾರ ಕಂಡುಹಿಡೀಬಹುದಿತ್ತು" ಎಂದರು ಯಜಮಾನರು, ಬೆವರು ಒರೆಸಿಕೊಳ್ಳುತ್ತಾ.

ಅದಾದ ಮೇಲೆ ಒಂದು ವಿಚಿತ್ರ ಶುರುವಾಯಿತು. ಗ್ಯಾಸ್ ಬುಕ್ ಮಾಡಲು ಹೋದರೆ ಮಗ ಆಗಲೇ ಮಾಡಿಬಿಟ್ಟಿದ್ದಾನೆ. ಯಜಮಾನರು, ಮದುವೆಯಾದಂದಿನಿಂದ ತಮ್ಮ ಕರ್ಚೀಫು ತಾವು ಹುಡುಕಿಕೊಂಡವರಲ್ಲ, ಮಾತ್ರೆಗಳನ್ನು ತಾವೇ ಎಣಿಸಿ ನುಂಗುತ್ತಿದ್ದಾರೆ! ಕೆಲಸದಾಕೆ ಸೊಸೆಗೆ ಹೇಳಿ ರಜೆ ತೆಗೆದುಕೊಳ್ಳುತ್ತಾಳೆ. ಒಂದು ಬೆಳಿಗ್ಗೆ ಬಾಚಣಿಗೆ ಹಿಡಿದು ಕಾದಿದ್ದರೆ ಮೊಮ್ಮಗಳು ಜಡೆ ಕುಣಿಸುತ್ತಾ ಬಂದು, "ನಾನೇ ಪಣ್ಣಿಕ್ಕಿಟ್ಟೇನ್ ಅಜ್ಜಿ!" ಎಂದಳು. ತಾನೇ ಹಾಕಿಕೊಂಡಳಂತೆ. ಜಡೆ ಒಂದು ಕಡೆ ಕೋಳಿಪುಕ್ಕದ ಹಾಗೆ ಕೆದರಿತ್ತು, ಆದರೂ ಜಡೆಯೇ.

ಮೈಸೂರಿನಿಂದ ತಂಗಿ ಫೋನು ಮಾಡಿದಾಗ ಎಲ್ಲ ಹೇಳಿಕೊಂಡೆ. "ಅಯ್ಯೋ ಅಕ್ಕಾ, ನಿಂಗೆ ಇನ್ನೂ ತಿಳೀಲಿಲ್ವಾ? ನಿನ್ನ ಮೂಲೆಗೆ ಕೂರಿಸ್ತಿದ್ದಾಳೆ ಕಣೇ!" ಎಂದಳು.

ಅದೇ ವಾರ ಸೊಸೆ ಬಂದು, "ಅತ್ತೆ, ನಾಳೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೀವು ಮನೇಲಿ ಇರಬಾರದು. ಫೋನೂ ಇಟ್ಟು ಹೋಗಬೇಕು" ಎಂದಳು. ಸೊಸೆಯರು ಅತ್ತೆಯರನ್ನು ಮನೆಯಿಂದ ಹೊರಹಾಕುತ್ತಾರೆಂದು ಕೇಳಿದ್ದೆ. ಹೀಗೆ ಮುಂಗಡ ತಿಳಿಸಿ, ಆಟೋ ಗೊತ್ತುಮಾಡಿ ಹೊರಹಾಕುವವಳನ್ನು ಕಂಡಿರಲಿಲ್ಲ! ಸ್ವಾಭಿಮಾನ ಅಡ್ಡ ಬಂತು. ಕಾರಣ ಕೇಳಲಿಲ್ಲ, ಹೋದೆ.

ಕುಂದಾಪುರದ ಕಡೆಯವರ ಸಸ್ಯಾಹಾರಿ ಹೋಟೆಲೊಂದು ನಮ್ಮ ಹತ್ತಿರದಲ್ಲೇ ಇದೆ. ಅಲ್ಲಿ ಫ್ಯಾನಿನ ಕೆಳಗೆ ಕುಳಿತೆ. ಈಗ ಹಾಲು ಉಕ್ಕಿರಬಹುದು, ಈಗ ಶಾಲೆಯ ಬಸ್ಸು ತಪ್ಪಿರಬಹುದು, ಈಗ ಅವರು ಮಾತ್ರೆ ಮರೆತಿರಬಹುದು. ಎರಡು ಕಾಫಿ ಮುಗಿಸಿಯೂ ಏಳದಿದ್ದಾಗ ಗಲ್ಲಾದಲ್ಲಿ ಕುಳಿತಿದ್ದ ಹೋಟೆಲ್ ಮಾಲೀಕರು ಹತ್ತಿರ ಬಂದರು.

"ಎಂತ ಅಮ್ಮ, ಮನೆಯಲ್ಲಿ ಜಗಳವಾ?"

"ಇಲ್ಲಪ್ಪ. ಸೊಸೆ ಏನೋ ಪರೀಕ್ಷೆ ಮಾಡ್ತಿದ್ದಾಳೆ."

"ನಿಮ್ಮನ್ನು ಹೊರಗೆ ಕಳಿಸಿಯಾ? ಇದು ಎಂತ ಪರೀಕ್ಷೆ ಮಾರಾಯ್ರೆ!" ಎಂದು ಅವರೂ ಬೆರಗಾಗಿ, ಪಾಪ, ಮೂರನೆಯ ಕಾಫಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಮಧ್ಯಾಹ್ನ ಕುಂಟುತ್ತಾ ಮನೆಗೆ ಹೋದೆ. ಬಾಗಿಲಲ್ಲೇ ಮೂಗು ಅರಳಿಸಿದೆ. ಸೀದ ವಾಸನೆ ಇಲ್ಲ. ಪಾತ್ರೆ ತೊಳೆದಿವೆ. ಮೊಮ್ಮಗಳು ಶಾಲೆಗೆ ಹೋಗಿದ್ದಾಳೆ. ಯಜಮಾನರು ಮಾತ್ರೆ ನುಂಗಿ, ಸಾರನ್ನ ಉಂಡು, ಪೇಪರ್ ಹಿಡಿದು ಗೊರಕೆ ಹೊಡೆಯುತ್ತಿದ್ದಾರೆ. ಇಷ್ಟು ದಿನದ ಆಘಾತಗಳೆಲ್ಲ ಇದರ ಮುಂದೆ ಏನೂ ಅಲ್ಲ. ನಾನಿಲ್ಲದೆ ಮನೆ ನಡೆದಿತ್ತು! ಒಂದು ತಟ್ಟೆಯಾದರೂ ಒಡೆದಿರಬಾರದಿತ್ತೇ?

ಕುರ್ಚಿಯಲ್ಲಿ ಕುಸಿದು ಕುಳಿತು, "ಆಯ್ತಲ್ಲಮ್ಮ ನಿನ್ನ ಪರೀಕ್ಷೆ. ಇನ್ನು ನನ್ನನ್ನ ಗುಜರಿಗೆ ಹಾಕಿಬಿಡು" ಎಂದೆ.

ಸೊಸೆ ನನಗಿಂತ ಹೆಚ್ಚು ಗಾಬರಿಯಾದಳು. ನೆಲದ ಮೇಲೆ ಕುಳಿತು ನನ್ನ ಮೊಣಕಾಲು ಹಿಡಿದುಕೊಂಡಳು.

"ಗುಜರಿಗೆ ಹಾಕೋ ಮಷೀನಿಗೆ ಇಷ್ಟೆಲ್ಲ ಯಾರು ಒದ್ದಾಡ್ತಾರೆ ಅತ್ತೆ? ಪ್ಲಗ್ ಕಿತ್ತರೆ ಮುಗೀತು. ರಿಪೇರಿ ಮಾಡಿ ಮತ್ತೆ ಅದೇ ಜಾಗಕ್ಕೆ ತರಬೇಕು ಅಂತಿದ್ರೆ ಮಾತ್ರ ಅದರ ಮೇಲಿರೋ ಕೆಲಸಾನ ಒಂದೊಂದಾಗಿ, ಯಾವುದೂ ನಿಲ್ಲದ ಹಾಗೆ ಬೇರೆ ಕಡೆ ಸರಿಸೋದು. ಮನೆ ಯಾರು ನೋಡ್ತಾರೆ ಅಂದ್ರಲ್ಲ ನೀವು? ನೋಡಿ, ಎಲ್ಲ ಸೇರಿ ನೋಡ್ತಾರೆ. ಮುಂದಿನ ವಾರ ಆಪರೇಷನ್‌ಗೆ ದಿನ ತಗೊಂಡಿದ್ದೀನಿ. ನಾನೂ ರಜಾ ಹಾಕಿದ್ದೀನಿ."

"ಶುಕ್ರವಾರ ಒಳ್ಳೇ ದಿನ" ಎಂದರು ಎಚ್ಚರವಾದ ಯಜಮಾನರು.

"ಶುಕ್ರವಾರ ದೊಡ್ಡ ಕೆಲಸ ಮುಟ್ಟಲೇಬಾರದು ಮಾವ! ಎಡವಟ್ಟಾದ್ರೆ ಶನಿವಾರ ಯಾರೂ ಸಿಗಲ್ಲ."

ಬುಧವಾರ ಆಪರೇಷನ್ ಆಯಿತು. ಒಂದೆರಡು ದಿನ ಕಳೆದ ಮೇಲೆ ಆಸ್ಪತ್ರೆಯ ಮಂಚಕ್ಕೆ ಒರಗಿ ಕುಳಿತಿದ್ದಾಗ ಅವಳು ಫ್ಲಾಸ್ಕಿನಲ್ಲಿ ಸಾರು ತಂದಳು. ಕಣ್ಣ ಕೆಳಗೆ ಕಪ್ಪು, ಕೂದಲು ಕೆದರಿತ್ತು.

"ರಿಪೇರಿ ಆಗಿ ಬಂದ ಸರ್ವರ್ ಮೇಲೆ ಒಂದೇ ಸಲ ಎಲ್ಲ ಹೇರಬಾರದು ಅತ್ತೆ. ಚಿಕ್ಕ ಕೆಲಸ ಒಂದು ಕೊಟ್ಟು ನೋಡಬೇಕು" ಎಂದು ಚಮಚ ನನ್ನ ಕೈಗಿತ್ತಳು. "ಉಪ್ಪು ನೋಡಿ ಹೇಳಿ."

ನೋಡಿದೆ. "ಕಮ್ಮಿ ಇದೆ. ಹುಣಸೆಹಣ್ಣು ಇನ್ನೊಂಚೂರು ಕುದೀಬೇಕಿತ್ತು. ಇಂಗು ಮರೆತಿದ್ದೀಯ" ಎಂದೆ.

ಅವಳ ಮುಖ ಅರಳಿತು. ಆಮೇಲೆ, ಇಷ್ಟು ದಿನ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟವಳ ಹಾಗೆ ಕುರ್ಚಿಯನ್ನು ಮಂಚದ ಬಳಿಗೆ ಎಳೆದುಕೊಂಡು, ನನ್ನ ಎಡಗೈ ಪಕ್ಕದಲ್ಲಿ ತಲೆಯಿಟ್ಟಳು. ನೋಡುತ್ತಿದ್ದಂತೆಯೇ ನಿದ್ದೆ ಹೋದಳು.

ಸ್ವಲ್ಪ ಹೊತ್ತಿಗೆ ನರ್ಸ್ ಬಂದಳು. ಕಾಲಿನ ವ್ಯಾಯಾಮದ ಹೊತ್ತು. ಗಡಿಯಾರ ನೋಡಿ, ಒಂದು ನಿಮಿಷವೂ ಆಚೀಚೆಯಾಗದೆ ಬಂದಿದ್ದಳು, ನಾನು ಮೆಚ್ಚುವಂಥ ಹುಡುಗಿ. ನಾನು ತುಟಿಯ ಮೇಲೆ ಬೆರಳಿಟ್ಟೆ. ಮಲಗಿದ್ದವಳನ್ನು ತೋರಿಸಿ, ಆಮೇಲೆ ಬಾ ಎಂದು ಕೈಸನ್ನೆ ಮಾಡಿ ಕಳಿಸಿದೆ.