ಟೋಪಿಯಿಲ್ಲದ ಮಾಂತ್ರಿಕನ ಮಂಜೂರಾತಿ

ಚಿತ್ರಕಥೆಗಳ ಆ ವಾರಪತ್ರಿಕೆಯಲ್ಲಿ ಹನ್ನೊಂದು ಜನ ಮಾಂತ್ರಿಕ ನಾಯಕರು ಸೇವೆಯಲ್ಲಿದ್ದರು. ಹನ್ನೊಂದು ಮಂದಿಗೂ ಉದ್ದ ಟೋಪಿ, ಕೆಂಪು ಅಸ್ತರಿನ ನಿಲುವಂಗಿ, ಕಡ್ಡಿಮೀಸೆ. ಯಾರು ಕೈ ಬೀಸಿದರೂ ಕಳ್ಳನ ಪಿಸ್ತೂಲು ಬಾಳೆಹಣ್ಣಾಗುತ್ತಿತ್ತು. ಹೆಸರು ಮಾತ್ರ ಬೇರೆ ಬೇರೆ. ಅದೂ ಓದುಗರ ಒತ್ತಾಯದ ಮೇರೆಗೆ.

ಅಡಿಯಲ್ಲಿ ದೀಪ ಹಚ್ಚಿದ ಗಾಜಿನ ಮೇಜಿನ ಮೇಲೆ ಹಳೆಯ ಸಂಚಿಕೆಯಿಟ್ಟು, ಅದರ ಮೇಲೆ ತೆಳು ಹಾಳೆ ಹಾಸಿ ಇವರನ್ನೆಲ್ಲ ತೀಡಿ ತೆಗೆಯುತ್ತಿದ್ದವನು ಹಿರಿಯ ಚಿತ್ರಕಾರ. ಇಪ್ಪತ್ತಾರು ವರ್ಷದ ಸರ್ವೀಸು, ಕಣ್ಣು ಮಂಜಾಗತೊಡಗಿತ್ತು. ಅದು ಪೂರ್ತಿ ಕೈಕೊಡುವ ಮೊದಲು ತನ್ನದೇ ಆದ ಒಬ್ಬ ಮಾಂತ್ರಿಕನನ್ನು ಅಚ್ಚಿನಲ್ಲಿ ನೋಡಬೇಕೆಂಬ ಆಸೆ ಅವನಿಗೆ ಹುಟ್ಟಿತು. ವಯಸ್ಸಾದವರಿಗೆ ಬುದ್ಧಿ ಹೇಳುವವರು ಯಾರು?

ಅವನ ಮಾಂತ್ರಿಕ ಬೋಳುತಲೆಯವನು. ತನ್ನ ನೆರಳನ್ನೇ ಚಾಪೆಯಂತೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಓಡಾಡುತ್ತಿದ್ದ. ಕಳ್ಳರು ಎದುರಾದರೆ ಹಾಸುತ್ತಿದ್ದ. ಅವರು ಅದರ ಮೇಲೆ ಕೂತು, ಆಕಳಿಸಿ, ಮಲಗಿಬಿಡುತ್ತಿದ್ದರು.

ಸಂಪಾದಕರು ಹಾಳೆಗಳನ್ನು ತಿರುವಿದರು. "ಈ ಮಾಯೆ ಮೊದಲು ಎಲ್ಲಿ ಬಂದಿದೆ?"

"ಎಲ್ಲೂ ಇಲ್ಲ ಸಾರ್. ನಾನೇ ಯೋಚಿಸಿದ್ದು."

"ಅಂದ್ಮೇಲೆ ಇದು ಮಾಯೆ ಅಂತ ನಂಬೋದು ಹೇಗ್ರೀ?"

ನಿಯಮ ಸ್ಪಷ್ಟವಾಗಿತ್ತು. ಯಾವುದೇ ಹೊಸ ಮಾಯೆಯು ಮಂಜೂರಾತಿಗೆ ಮುನ್ನ ಕನಿಷ್ಠ ಮೂರು ಅನ್ಯ ಪತ್ರಿಕೆಗಳಲ್ಲಿ ಪ್ರಕಟವಾಗಿರತಕ್ಕದ್ದು. ಅನ್ಯ ಪತ್ರಿಕೆಗಳಲ್ಲೂ ಇದೇ ನಿಯಮ ಜಾರಿಯಲ್ಲಿತ್ತು. ಎದುರಾಳಿಯಿಂದ ಕದ್ದದ್ದಕ್ಕೆ ಮಾತ್ರ ವಿನಾಯಿತಿ.

ಹಾಗಾಗಿ ಚಿತ್ರಕಾರ, ಎಲ್ಲ ಪತ್ರಿಕೆಗಳ ಚಿತ್ರಕಾರರೂ ಸೇರುವ ಕಾಫಿ ಅಂಗಡಿಯ ಬೆಂಚಿನ ಮೇಲೆ ತನ್ನ ಹಾಳೆಗಳ ನಕಲಿನ ಕಟ್ಟನ್ನು ಬೇಕೆಂದೇ ಬಿಟ್ಟುಬಂದ. ಅಂಗಡಿಯವನು ಹಿಂದೆಯೇ ಓಡಿಬಂದು ಕೊಟ್ಟ. ಮರುದಿನವೂ ಕೊಟ್ಟ. ಪ್ರಾಮಾಣಿಕರ ಕಾಟ ಒಂದೆರಡಲ್ಲ. ಮೂರನೆಯ ದಿನ ಕಟ್ಟಿನ ಮೇಲೆ 'ಅತಿ ಗೋಪ್ಯ' ಎಂದು ಬರೆದಿಟ್ಟ. ಕಾಫಿ ಆರುವಷ್ಟರಲ್ಲಿ ಮಾಯವಾಯಿತು.

ಒಂದೂವರೆ ತಿಂಗಳಲ್ಲಿ ಆ ಮಾಯೆ ಮೂರು ಅನ್ಯ ಪತ್ರಿಕೆಗಳಲ್ಲಿ ಬಂತು. ಮೊದಲನೆಯದು ಮಾಂತ್ರಿಕನಿಗೆ ಟೋಪಿ ತೊಡಿಸಿತ್ತು. ಅದನ್ನು ಕದ್ದ ಎರಡನೆಯದು ಮೀಸೆ ಸೇರಿಸಿ, ನೆರಳನ್ನು ಹಾರುವ ಚಾಪೆ ಮಾಡಿತ್ತು. ಎರಡನೆಯದನ್ನು ಕದ್ದ ಮೂರನೆಯದರಲ್ಲಿ ಪಿಸ್ತೂಲು ಬಾಳೆಹಣ್ಣಾಗಿತ್ತು.

ಸಂಪಾದಕರು ಮೂರನ್ನೂ ಮೇಜಿನ ಮೇಲೆ ಹರಡಿ ಖುಷಿಪಟ್ಟರು. "ನೋಡ್ರೀ, ಈಗ ಮಾಯೆ ಅನ್ನಿಸ್ತಿದೆ. ಆದ್ರೆ ನಿಮ್ಮದು ಯಾವುದಕ್ಕೂ ಹೊಂದ್ತಿಲ್ಲ. ಇಷ್ಟು ವರ್ಷ ಆದ್ರೂ ನಕಲು ಮಾಡೋದು ಬರಲ್ವಲ್ರೀ ನಿಮಗೆ?"

ಚಿತ್ರಕಾರ ಟೋಪಿ ಬರೆದ. ಮೀಸೆ ಬರೆದ. ಬಾಳೆಹಣ್ಣನ್ನು ಅವನಷ್ಟು ಚೆನ್ನಾಗಿ ಬರೆಯುವವರು ಹೇಗೂ ಇರಲಿಲ್ಲ. ಕೊನೆಗೆ ಘೋಷಣಾಪತ್ರ ಬಂತು: 'ಸದರಿ ನಾಯಕನನ್ನು ನಾನು ಸ್ವಂತವಾಗಿ ಯೋಚಿಸಿರುವುದಿಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ.' ಚಿತ್ರಕಾರ ಸಹಿ ಹಾಕಿದ. ಸಹೋದ್ಯೋಗಿಗಳೆಲ್ಲ ಬಂದು ಕೈಕುಲುಕಿದರು.

ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಂತೆ ಹೆಂಡತಿ ಕೇಳಿದಳು, "ಏನಾಯ್ತು ನಿಮ್ಮ ಮಾಂತ್ರಿಕನ ಗತಿ?"

"ಮಂಜೂರಾದ."

"ನೀವೇ ಯೋಚಿಸಿದ್ದು ಅಂತ ಯಾರಿಗಾದ್ರೂ ಗೊತ್ತಾಯ್ತಾ?"

"ಇಲ್ಲ. ನನ್ನದಲ್ಲ ಅಂತ ಬರೆದುಕೊಟ್ಟು ಬಂದೆ."

"ಸದ್ಯ, ಗಂಡಾಂತರ ಕಳೀತು," ಎಂದು ಅವಳು ಊಟಕ್ಕೆ ಬಡಿಸಿದಳು.