ಮಾವನ ಕಿತ್ತಳೆ ಕುರಿಗಳು

ಶಿರಾದಿಂದ ಮಧುಗಿರಿಗೆ ಹೋಗುವ ರಸ್ತೆಯಲ್ಲಿ ಸಂಜೆ ಹೊತ್ತು ಕಿತ್ತಳೆ ಬಣ್ಣದ ಕುರಿಗಳು ಎದುರಾದರೆ ದಯವಿಟ್ಟು ಗಾಬರಿಯಾಗಬೇಡಿ. ನಿಮ್ಮ ಕಣ್ಣು ಸರಿಯಾಗಿದೆ. ಕುರಿಗಳೂ ಸರಿಯಾಗಿವೆ. ಸರಿಯಿಲ್ಲದಿರುವುದು ನಮ್ಮ ಸೋದರಮಾವ!

ಮಾವ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಗುಡಿಸಲು ಬರೆದ ಮಕ್ಕಳಿಗೆಲ್ಲ ಸೊನ್ನೆ ಕೊಟ್ಟವರು. "ಮಧುಗಿರಿ ಬೆಟ್ಟ ಇರಾದು ಒಂದೇ, ಇನ್ನೊಂದ ಎಲ್ಲಿಂದ ಹೊತ್ಕಂಡ್ ಬಂದ್ಲಾ?" ಎಂದು ಗದರುತ್ತಿದ್ದರು. ನನಗೆ ಹೇಗೆ ಗೊತ್ತು ಅಂತೀರಾ? ಆ ಸೊನ್ನೆಗಳಲ್ಲಿ ಒಂದು ನನ್ನದು. ಸ್ವಂತ ಅಕ್ಕನ ಮಗ ಎಂಬ ಕರುಣೆಯೂ ಬೇಡವೇ!

ನಿವೃತ್ತರಾದ ಮರುವರ್ಷವೇ ಮಾವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಕೈಗೆ ಊರುಗೋಲು ಬಂತು. ಮನೆಯ ಹನ್ನೆರಡು ಕರಿ ಕುರಿಗಳನ್ನು ಮೇಯಿಸುವ ಕೆಲಸ ಪೂರ್ತಿ ಅತ್ತೆಯ ಪಾಲಾಯಿತು. ಹುಲ್ಲುಗಾವಲು ಇರುವುದು ರಸ್ತೆಯ ಆಚೆ, ಮನೆ ಈಚೆ. ಅತ್ತೆಗೋ ಕಿವಿ ಕೇಳುವುದಿಲ್ಲ. ಮಂದ ಅಂತಲ್ಲ, ಪಕ್ಕದಲ್ಲೇ ಲಾರಿ ಹಾರ್ನ್ ಹೊಡೆದರೂ ಕೇಳುವುದಿಲ್ಲ. ಕಿವಿಗೆ ಹಾಕುವ ಮಿಷನ್ನು ತಂದುಕೊಟ್ಟರೆ "ತಲೆಯೊಳಗೆ ಜೀರುಂಡೆ ಕೂಗ್ದಂಗೆ ಆಯ್ತದೆ" ಎಂದು ಅದನ್ನು ಸಕ್ಕರೆ ಡಬ್ಬಿಯಲ್ಲಿ ಹಾಕಿಟ್ಟಿದ್ದಾರೆ.

ಒಂದು ಸಂಜೆ ಅತ್ತೆ ರಸ್ತೆ ದಾಟುವಾಗ ಹಿಂದಿನ ಕುರಿಗೆ ಟೆಂಪೊ ಬಡಿದು ಅದು ಅಲ್ಲೇ ಸತ್ತಿತು. ಅತ್ತೆಗೆ ತಿಳಿದದ್ದು ಮನೆಗೆ ಬಂದು ದೊಡ್ಡಿಗೆ ಕೂಡುವಾಗ. ಅವತ್ತಿನಿಂದ ಮಾವ ಐದು ಗಂಟೆಯಾದರೆ ಸಾಕು, ಜಗಲಿಯ ಮೇಲೆ ಕುಳಿತು ರಸ್ತೆ ಕಡೆಯಿಂದ ಬಂದವರನ್ನೆಲ್ಲ ಹಿಡಿದು ಕೇಳುತ್ತಾರೆ: "ದಾಟಿದ್ಲಾ?" ಹಾಲಿನ ವ್ಯಾನಿನವನಿರಲಿ, ಬಸ್ಸಿಳಿದ ಅಪರಿಚಿತನಿರಲಿ, ಅದೇ ಪ್ರಶ್ನೆ. ಯಾರು ದಾಟಿದಳು, ಎಲ್ಲಿಗೆ ದಾಟಿದಳು ಎಂದು ತಿಳಿಯದೆ ಪಾಪ ಅವರು ಪಿಳಿಪಿಳಿ ಕಣ್ಣು ಬಿಡುತ್ತಾರೆ.

"ಕುರಿ ಮಾರಿಬಿಡಿ ಅತ್ತೆ" ಎಂದು ಕೈಸನ್ನೆಯಲ್ಲಿ ಹೇಳಿದೆ.

"ಮಾರ್ಬುಟ್ಟು? ದಿನವೆಲ್ಲ ನಿಮ್ ಮಾವನ ಮಕ ನೋಡ್ಕಂಡು ಕೂತ್ಕಳ್ಳಾ?" ಎಂದು ಇಡೀ ಬೀದಿಗೆ ಕೇಳುವಂತೆ ಕಿರುಚಿದರು.

ಸರಿ, ರಸ್ತೆ ಕೆಲಸದವರು ತೊಡುವ ಮಿರಮಿರ ಮಿಂಚುವ ಜಾಕೆಟ್ ತಂದುಕೊಟ್ಟೆ. ಮರುದಿನ ನೋಡಿದರೆ ಅದು ಕಡಲೆಕಾಯಿ ಹೊಲದ ಬೆದರುಬೊಂಬೆಯ ಮೈಮೇಲಿತ್ತು. ಇಡೀ ತಾಲ್ಲೂಕಿನಲ್ಲಿ ವಾಹನಗಳಿಂದ ಅಷ್ಟು ಸುರಕ್ಷಿತವಾದ ಬೆದರುಬೊಂಬೆ ಇನ್ನೊಂದಿಲ್ಲ!

ಆಗ ಮಾವನಿಗೆ ಹೊಳೆದದ್ದು ಫ್ಲೋರೆಸೆಂಟ್ ಅಕ್ರಿಲಿಕ್, ಕಣ್ಣು ಕುಕ್ಕುವ ಕಿತ್ತಳೆ ಬಣ್ಣ. "ಅವಳು ಹಾಕ್ಕಳಲ್ಲ ಅಂದ್ರೆ ಬುಡು, ಕುರಿ ಏನು ಬ್ಯಾಡ ಅಂತಾವಾ?" ಎಂದರು. ಗೋಡೆಗೆ ಬಳಿಯುವ ಬಣ್ಣ ಸಾಲದೇ ಎಂದು ಕೇಳಿ ನಾನು ಕೆಟ್ಟೆ. ಅರ್ಧ ಗಂಟೆ ಪಾಠ ಬಿತ್ತು. ಗೋಡೆಯ ಬಣ್ಣ ಕುರಿಯ ಚರ್ಮ ಸುಡುತ್ತದಂತೆ. ಚಿತ್ರ ಬರೆಯುವವರ ಟ್ಯೂಬೇ ಆಗಬೇಕಂತೆ, ನೀರಲ್ಲಿ ಕಲಸಬಹುದು, ಒಣಗಿದ ಮೇಲೆ ಮಳೆಗೂ ಜಗ್ಗುವುದಿಲ್ಲವಂತೆ.

ಕರಿ ಉಣ್ಣೆಯ ಮೇಲೆ ಈ ಬಣ್ಣ ಬಳಿದರೆ ಕಾಣುವುದೇ ಇಲ್ಲ. ಮೊದಲು ಬಿಳಿ ಬಳಿಯಬೇಕು, ಅದು ಒಣಗಬೇಕು, ಅದರ ಮೇಲೆ ಎರಡು ಕೋಟು ಕಿತ್ತಳೆ. ಬಣ್ಣ ಒಣಗುವ ತನಕ ಕುರಿ ಸುಮ್ಮನೆ ನಿಲ್ಲುತ್ತದೆಯೇ? ಅದನ್ನು ತಬ್ಬಿಕೊಂಡು ನಿಲ್ಲುವವರು ಯಾರು? ಸರ್ಕಾರ ನನಗೆ ಭಾನುವಾರ ರಜೆ ಕೊಟ್ಟಿರುವುದು ಮತ್ತೆ ಯಾತಕ್ಕೆ! ಮಳೆಗೂ ಜಗ್ಗದ ಬಣ್ಣ ನನ್ನ ಅಂಗಿಯ ಮೇಲೆ ಸೋಪಿಗೂ ಜಗ್ಗಲಿಲ್ಲ. ಸೋಮವಾರ ಕ್ಲಾಸಿನಲ್ಲಿ ಬೋರ್ಡಿನ ಕಡೆ ತಿರುಗಿದಾಗಲೆಲ್ಲ ಮಕ್ಕಳು ಕಿಸಕ್ಕೆನ್ನುತ್ತಿದ್ದವು.

ಊರಿಗೆಲ್ಲ "ರೇಡಿಯಂ ಕುರಿ" ಎಂದು ಸುದ್ದಿಯಾಯಿತು. ರೇಡಿಯಂ ಎಂದ ಮೇಲೆ ಕತ್ತಲಲ್ಲಿ ಹೊಳೆಯಬೇಕಲ್ಲ? ಒಂದು ಮಧ್ಯಾಹ್ನ ಹತ್ತು ಜನ ಬಂದು ಕುರಿಗಳ ಜೊತೆ ದೊಡ್ಡಿಯೊಳಗೆ ಹೊಕ್ಕು, ಸಂದುಗಳಿಗೆಲ್ಲ ಗೋಣಿಚೀಲ ತುರುಕಿ ಬಾಗಿಲು ಹಾಕಿಕೊಂಡರು.

"ಏನೂ ಕಾಣಾಕಿಲ್ಲ ಮೇಷ್ಟ್ರೇ!" ಎಂದು ಒಳಗಿನಿಂದ ಕೂಗು ಬಂತು. ಹಿಂದೆಯೇ ಇನ್ನೊಬ್ಬ, "ಅಯ್ಯಯ್ಯೋ, ಏನೋ ತುಳ್ದ್ಬುಟ್ಟೆ!"

ಮಾವ ಹೊರಗಿನಿಂದಲೇ ಊರುಗೋಲಿನಲ್ಲಿ ಬಾಗಿಲು ಕುಟ್ಟಿದರು. "ರೇಡಿಯಂ ಅಲ್ಲ ಕಣ್ರಲಾ ಅದು! ಕತ್ಲಲ್ಲಿ ಹೊಳೆಯಾಕಿಲ್ಲ. ಹೊತ್ತು ಮುಳುಗಾವಾಗ ಬ್ಯಾರೆ ಬಣ್ಣ ಎಲ್ಲಾ ಸತ್ತೋಯ್ತವಲ್ಲ, ಆಗ ಇದೊಂದು ಬದುಕಿರ್ತದೆ."

ಯಾರಿಗೂ ಅರ್ಥವಾಗಲಿಲ್ಲ. ನನಗಂತೂ ಅರ್ಥ ಮಾಡಿಕೊಳ್ಳುವ ಇಚ್ಛೆಯೇ ಇರಲಿಲ್ಲ, ಏಕೆಂದರೆ ಆ ಬದುಕಿರುವ ಬಣ್ಣ ನಮ್ಮ ಕಡೆಯ ಬಿಸಿಲಿಗೆ ಎರಡೇ ತಿಂಗಳಲ್ಲಿ ಮಾಸಿ, ನಿನ್ನೆಯ ಮಜ್ಜಿಗೆಹುಳಿಯ ಬಣ್ಣಕ್ಕೆ ತಿರುಗುತ್ತಿತ್ತು. ಮತ್ತೆ ಫೋನು. "ಲೇ ಅಳಿಯ, ಆರೆಂಜ್ ಮುಗೀತು ಕಣ್ಲಾ!" ಶಿರಾದ ಅಂಗಡಿ ಸಾಬರು ನನ್ನನ್ನು ಅನುಮಾನದಿಂದ ನೋಡತೊಡಗಿದರು.

"ಕ್ಯಾ ಸಾರ್, ಬರೀ ಆರೆಂಜೇ ಒಯ್ತೀರಿ! ನಿಮ್ಮ ಮಕ್ಕಳು ಬೇರೆ ಕಲರ್ ಹಾಕೋದೇ ಇಲ್ವಾ?"

"ಪ್ರಾಜೆಕ್ಟ್ ವರ್ಕು" ಎಂದೆ. ನಾನು ಹೇಳಿಕೊಡುವುದು ಗಣಿತ. ಕುರಿಗೆ ಎಂದು ಹೇಳುವುದಕ್ಕಿಂತ ಸುಳ್ಳೇ ಮರ್ಯಾದಸ್ಥವಾಗಿ ಕೇಳಿಸಿತು.

ಉಣ್ಣೆ ಕತ್ತರಿಸುವ ಕಾಲ ಬಂತು. ಪಾವಗಡದ ಕಡೆಯಿಂದ ಬಂದ ಕತ್ತರಿಯವನು ಮೊದಲನೇ ಕುರಿಯನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತ. "ಇದೇಮಿ ಸಾಮಿ, ಗೊರ್ರೆನಾ, ಆಟೋನಾ?" ಎಂದು ತೆಲುಗಿನಲ್ಲಿ ಕೇಳಿದ, ಇದು ಕುರಿಯೋ ಆಟೋವೋ ಎಂದು. ಬಣ್ಣ ಮೆತ್ತಿದ ಉಣ್ಣೆ ಕಡ್ಡಿಯಂತಾಗಿ ಅವನ ಕತ್ತರಿ ಎರಡು ಸಲ ಮೊಂಡಾಯಿತು. ಮಾವ ಮಾತ್ರ ಕುಂಟುತ್ತ ಸುತ್ತಿ, ಕಿತ್ತಳೆ ತುಪ್ಪಳವನ್ನೆಲ್ಲ ಬೇರೆಯಾಗಿ ಚೀಲಕ್ಕೆ ತುಂಬಿಕೊಂಡರು. ಆ ಚೀಲವನ್ನು ಕಂಬಳಿ ನೇಯುವವನ ಮನೆಗೆ ಹೊತ್ತವನೂ ನಾನೇ. "ಇದು ಉಣ್ಣೆ ಅಲ್ಲ ಮೇಷ್ಟ್ರೇ, ತೆಂಗಿನ ನಾರು" ಎಂದು ಅವನು ಕೈಚೆಲ್ಲಿದ. ಅವನ ತಾಯಿಯೇ ಕನಿಕರಪಟ್ಟು, ಗಟ್ಟಿಯಾದದ್ದನ್ನೆಲ್ಲ ಕಿತ್ತು ಬಿಸಾಕಿ, ಉಳಿದದ್ದನ್ನು ನೂತುಕೊಟ್ಟರು. ಕೊನೆಗೆ ಒಂದು ಕರಿ ಕಂಬಳಿಯೂ ಅದಕ್ಕೊಂದು ಗೇಣಗಲದ ಕಿತ್ತಳೆ ಅಂಚೂ ಆಯಿತು. ಮಾವ ಅದರ ಮೇಲೂ ತೆಳ್ಳಗೆ ಒಂದು ಕೋಟು ಬಳಿಯದೆ ಬಿಡಲಿಲ್ಲ.

ಅತ್ತೆ ಕಂಬಳಿಯನ್ನು ಕೆನ್ನೆಗೆ ಒತ್ತಿ ನೋಡಿದರು. "ನಮ್ ಕುರೀದೇ ಕಣ್ಲಾ. ಮೆತ್ತಗೈತೆ. ಅಂಚು ಮಾತ್ರ ನಿಮ್ ಮಾವನ ಬುದ್ಧಿ ಇದ್ದಂಗೈತೆ." ಅಷ್ಟು ಹೇಳಿ ಅದನ್ನೇ ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡು ಹೊರಟೇಬಿಟ್ಟರು!

ನಾನು ಮಾತ್ರ ಅವತ್ತೇ ಶಪಥ ಮಾಡಿದೆ, ಇನ್ನು ಒಂದು ಟ್ಯೂಬನ್ನೂ ತರುವುದಿಲ್ಲವೆಂದು. ಮಾವನಿಗೂ ಖಡಾಖಂಡಿತವಾಗಿ ಹೇಳಿದೆ. ಅವರು ಬೇಸರಪಟ್ಟುಕೊಂಡರು. ಪಟ್ಟುಕೊಳ್ಳಲಿ!

ಎರಡು ತಿಂಗಳು ಕಳೆದಿರಬೇಕು. ಒಂದು ಸಂಜೆ ಮಧುಗಿರಿಯ ಸ್ಕೂಲಿನಿಂದ ಶಿರಾಕ್ಕೆ ಕಾರಿನಲ್ಲಿ ವಾಪಸ್ಸಾಗುತ್ತಿದ್ದೆ. ಸೂರ್ಯ ಮುಳುಗಿದ್ದ, ಕತ್ತಲೆ ಇನ್ನೂ ಬಿದ್ದಿರಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಫೋನು ಹೊಡೆದುಕೊಂಡಿತು. ನೋಡಿದರೆ "ಮಾವ". ಮತ್ತೆ ಆರೆಂಜು! "ತರಲ್ಲ ಅಂದ್ರೆ ತರಲ್ಲ" ಎಂದು ಒಬ್ಬನೇ ಫೋನಿನ ಮೇಲೆ ರೇಗಿ ತಲೆಯೆತ್ತಿದೆ.

ಎದುರಿಗೆ, ಬೂದಿ ಬಣ್ಣದ ಗಾಳಿಯಲ್ಲಿ, ಒಂದು ಕಿತ್ತಳೆ ಗೆರೆ ನಡೆದು ಹೋಗುತ್ತಿತ್ತು.

ಅದೇನೆಂದು ಹೊಳೆಯುವ ಮೊದಲೇ ಕಾಲು ಬ್ರೇಕ್ ತುಳಿದಿತ್ತು. ಟೈರು ಕಿರುಚಿ ಕಾರು ನಿಂತಿತು. ಆಮೇಲಷ್ಟೇ ಬೋಳು ಕರಿ ಕುರಿಗಳು ಕರಿ ಟಾರಿನ ಮೇಲೆ ಒಂದೊಂದಾಗಿ ಕಂಡವು. ಆ ಗೆರೆಯ ಒಳಗೆ ಅತ್ತೆ ಇದ್ದರು, ಬಾನೆಟ್ಟಿನಿಂದ ಎರಡು ಮಾರು ದೂರದಲ್ಲಿ. ಅವರು ತಿರುಗಿ ಸಹ ನೋಡಲಿಲ್ಲ. ಕೊನೆಯ ಕುರಿಯನ್ನು ರಸ್ತೆ ದಾಟಿಸಿದ ಮೇಲೆ ನನ್ನ ಕಾರು ಕಣ್ಣಿಗೆ ಬಿತ್ತು.

"ಏನ್ಲಾ, ನಡು ದಾರೀಲಿ ನಿಂತ್ಬುಟ್ಟಿದ್ದೀಯ! ಕೆಟ್ಟೋಯ್ತಾ?"

ಹೌದೆಂದು ತಲೆಯಾಡಿಸಿದೆ.

"ಮಾರ್ಬುಡ್ಲಾ ಈ ಡಬ್ಬನ. ಯಾವತ್ತಾದ್ರೂ ಜೀವಕ್ಕೆ ತರ್ತದೆ" ಎಂದು ಬೈದು, ಕುರಿಗಳ ಹಿಂದೆ ಮನೆಯ ಕಡೆ ನಡೆದರು.

ಕಾರನ್ನು ಪಕ್ಕಕ್ಕೆ ಸರಿಸಿ, ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ಫೋನು ಮತ್ತೆ ಹೊಡೆದುಕೊಂಡಿತು.

"ಲೇ ಅಳಿಯ, ಕೋಪ ಮಾಡ್ಕಾಬ್ಯಾಡ. ಕಂಬಳಿ ಅಂಚು ಮಾಸ್ತಾ ಬಂತು ಕಣ್ಲಾ. ಒಂದೇ ಒಂದು ಟ್ಯೂಬು..."

ನಾನು ಬಿಕ್ಕಿದ್ದು ಅವರಿಗೆ ಕೇಳಿಸಿರಬೇಕು. ಮಾವ ಟ್ಯೂಬಿನ ಮಾತನ್ನು ಅಲ್ಲೇ ಬಿಟ್ಟರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು.

"ದಾಟಿದ್ಲಾ?"

"ದಾಟಿದ್ರು ಮಾವ."

ಅವರು ಉಸಿರು ಬಿಟ್ಟದ್ದು ಕೇಳಿಸಿತು. "ಅಂಗಾರೆ ಒಂದು ಟ್ಯೂಬು ತರ್ತೀಯಾ?"

"ಸಾಬರ ಅಂಗಡೀಲಿ ಎಷ್ಟಿದ್ರೆ ಅಷ್ಟೂ ತರ್ತೀನಿ" ಎಂದೆ.