ಗುದೈಬಿಯಾದಿಂದ ಕೆನಡಾದ ಚಳಿಗೆ ಒಂದು ಜಪಮಾಲೆ

ನಾನು ಬಾಯಿ ತೆರೆದಾಗಲೆಲ್ಲ ದೇವರು ನನ್ನನ್ನು ತಗ್ಗಿಸುತ್ತಾನೆ. ಪ್ರೀತಿಯಿಂದಲೇ. ಆದರೆ ಯಾವಾಗಲೂ ಹತ್ತು ಜನರ ಎದುರಿಗೆ.

ನಾವು ಗಂಡ ಹೆಂಡತಿ ಇರುವುದು ಬಹರೈನಿನ ಗುದೈಬಿಯಾದಲ್ಲಿ. ಇವರು ಎಸಿ ರಿಪೇರಿ ಮಾಡುವವರು. ಮಗಳು ಕೆನಡಾದ ಉತ್ತರದ ತುದಿಯ ಪುಟ್ಟ ಊರೊಂದರಲ್ಲಿ ನರ್ಸ್. ಈ ಸಲ ನನ್ನ ಮಾನ ಹೋದದ್ದೆಲ್ಲ ಆ ಊರಿನ ಚಳಿಯಿಂದಲೇ.

ವೈರಿನ ಕಾರು

ವಿಡಿಯೋ ಕಾಲ್‌ನಲ್ಲಿ ಮಗಳ ಕಾರು ಕಂಡಿತು. ಅದರ ಮೂತಿಯಿಂದ ಒಂದು ವೈರು ಹೊರಟು ಗೋಡೆಯ ಪ್ಲಗ್ಗಿಗೆ ಸೇರಿತ್ತು. ಇಲ್ಲಿ ರಜೆಯ ದಿನವಾದ ಶುಕ್ರವಾರ ಪೂಜೆ ಮುಗಿದದ್ದೇ ಇಗರ್ಜಿಯ ಅಂಗಳದಲ್ಲಿ ಸಿಕ್ಕವರಿಗೆಲ್ಲ ಹೇಳಿದೆ: "ಮಗಳು ಎಲೆಕ್ಟ್ರಿಕ್ ಕಾರು ತಗೊಂಡಳು. ದೇವರ ದಯೆ."

ಅಭಿನಂದನೆಗಳು ಮಗಳನ್ನು ಮುಟ್ಟಿದವು. ಫೋನ್ ಬಂತು. "ಮಮ್ಮಿ, ಅದು ಹಳೇ ಪೆಟ್ರೋಲ್ ಗಾಡಿ! ಎಂಜಿನ್ ಚಳಿಗೆ ಕೆಡದ ಹಾಗೆ ಬಿಸಿ ಇಡೋ ವೈರ್ ಅದು."

ಮುಂದಿನ ಶುಕ್ರವಾರ ಒಬ್ಬೊಬ್ಬರನ್ನೇ ಹುಡುಕಿ ತಿದ್ದಿದೆ. ನಮ್ಮ ಜಪಮಾಲೆ ಕೂಟ ನಡೆಸುವ ಹಿರಿಯ ಆಂಟಿ ಬೆನ್ನು ತಟ್ಟಿದರು: "ಬೇಜಾರು ಮಾಡ್ಬೇಡ ಮಗಾ. ನಮ್ಮನೆ ಇಸ್ತ್ರಿಪೆಟ್ಟಿಗೆಯೂ ಎಲೆಕ್ಟ್ರಿಕ್ಕೇ."

ಬೆಚ್ಚಗೆ ಮಾಡು

ಇಷ್ಟಾದ ಮೇಲೂ ಸುಮ್ಮನಿದ್ದೆನಾ? ಕೂಟ ನಮ್ಮ ಮನೆಯಲ್ಲಿ ಸೇರಿದ ದಿನ ಕಣ್ಣೀರು ಹಾಕಿ ಕೇಳಿಕೊಂಡೆ, ಮಗಳ ಊರಿನ ಚಳಿ ಇಳಿಯಲಿ ಎಂದು. ಎಲ್ಲರೂ ಮಂಡಿಯೂರಿ ಬೇಡಿದರು.

ವಾರದೊಳಗೆ ಮಗಳು ಹೇಳಿದಳು: "ಈ ಸಲ ಇಲ್ಲಿ ಚಳಿಯೇ ಇಲ್ಲ ಮಮ್ಮಿ."

"ದೇವರು ದೊಡ್ಡವನು!"

"ಏನು ದೊಡ್ಡವನು? ಸರೋವರ ಹೆಪ್ಪುಗಟ್ಟಿದ್ರೆ ಮಾತ್ರ ಅದರ ಮೇಲೆ ಲಾರಿ ಬರೋದು. ಬೇರೆ ರಸ್ತೆಯೇ ಇಲ್ಲ. ಊರಿನ ಡೀಸೆಲ್, ನನ್ನ ವರ್ಷದ ಕುಚಲಕ್ಕಿ, ಎಲ್ಲ ಆಚೆ ದಡದಲ್ಲಿ. ಇಡೀ ಊರು ಇಗರ್ಜಿಯಲ್ಲಿ ಚಳಿಗಾಗಿ ಬೇಡ್ತಾ ಇದೆ."

ಇವರು ಪಕ್ಕದಿಂದ ಹೇಳಿದರು: "ಹೇಳು ಅವಳಿಗೆ, ಎದುರು ಪಾರ್ಟಿ ನೀನೇ ಅಂತ."

ತಣ್ಣಗೆ ಮಾಡು

ಮುಂದಿನ ಕೂಟದಲ್ಲಿ ನೆಲ ನೋಡುತ್ತ ಹೇಳಿದೆ: "ಈಗ ಚಳಿ ಬೇಕಂತೆ."

ಆಂಟಿ ಕನ್ನಡಕ ತೆಗೆದರು. "ಹೋದ ವಾರ ಬೇಡ, ಈ ವಾರ ಬೇಕು. ದೇವರೇನು ನಿನ್ನ ಗಂಡನಾ, ಕರೆದಾಗೆಲ್ಲ ಬಂದು ಎಸಿ ಸರಿ ಮಾಡ್ಲಿಕ್ಕೆ?"

ಆದರೂ ಬೇಡಿದರು, ಪಾಪ. ಆ ಊರಿನ ಹೆಸರಿಗೆ ಯಾರ ನಾಲಿಗೆಯೂ ಹೊರಳಲಿಲ್ಲ. ಹಾಗಾಗಿ "ಸ್ವಾಮೀ, ಚಳಿ ಕೊಡು" ಎಂದಷ್ಟೇ ಬೇಡಿದೆವು.

ಕೊಟ್ಟ. ಗುದೈಬಿಯಾಕ್ಕೆ. ಮಳೆ, ಮೈ ಕೊರೆಯುವ ಗಾಳಿ, ಗಲ್ಲಿಯಲ್ಲೆಲ್ಲ ನೀರು. ಶುಕ್ರವಾರದ ಪೂಜೆಯಲ್ಲಿ ನಮ್ಮ ಕೂಟದ ಬೆಂಚಿನಿಂದ ಹಾಡಿಗಿಂತ ಕೆಮ್ಮೇ ಜೋರು. ಆಂಟಿ ತಲೆತುಂಬ ಶಾಲು ಹೊದ್ದು ನನ್ನತ್ತ ಬಾಗಿದರು: "ಮಗಾ, ನಾವು ಅಡ್ರೆಸ್ ಹೇಳಿದ್ದೆವಾ?"

ಲಾರಿ

ಆಮೇಲೆ ನಾನು ಒಬ್ಬಳೇ, ತುಟಿ ಮಾತ್ರ ಆಡಿಸಿ ಬೇಡತೊಡಗಿದೆ: ಸ್ವಾಮೀ, ನನ್ನ ಬಾಯಿಗೆ ಬೀಗ ಹಾಕು, ಮಗಳ ಅನ್ನಕ್ಕೆ ದಾರಿ ಮಾಡು. ಫೋನ್ ಬಂದಾಗ ಎತ್ತಲೂ ಹೆದರಿಕೆ.

ಕೊನೆಗೊಂದು ಬೆಳಿಗ್ಗೆ ಮಗಳು ಕೂಗಿದಳು: "ಮಮ್ಮಿ, ಲಾರಿ ಬಂತು! ಗಂಜಿ ಬೇಯ್ತಾ ಇದೆ, ನೋಡು!"

ಪರದೆಯ ಮೇಲಿನ ಆ ಪಾತ್ರೆ ನೋಡಿ ಅತ್ತುಬಿಟ್ಟೆ. ದೇವರಿಗೆ ಕೈ ಮುಗಿದೆ.

ಮಗಳು ಮೂಗು ಒರೆಸಿಕೊಂಡಳು. "ಆದ್ರೆ ಚಳಿ ಈಗ ಸ್ವಲ್ಪ ಜಾಸ್ತಿಯೇ ಆಯ್ತು ಮಮ್ಮಿ..."

ನನ್ನ ಕೈ ತಾನಾಗಿಯೇ ಜಪಮಾಲೆಗೆ ಹೋಯಿತು.

ಸೋಫಾದಿಂದ ಇವರು ಗದರಿದರು: "ಏ, ಆ ಎಸಿ ರಿಮೋಟ್ ಕೆಳಗಿಡು!"